ಗಿಟಾರ್ ಹಿಡಿದ ಹಾಜಿ: ರೋಮಾ ಇರಾಮಾ

ಹಜ್ಜ್, ಉಮ್ರಾಕ್ಕೆ ಹೋಗಿ ಬಂದವರಲ್ಲಿ ಇಂಡೋನೇಷ್ಯಾದವರನ್ನು ನೋಡದವರು ಯಾರೂ ಇರಲಿಕ್ಕಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ, ಒಂದೇ ಬಗೆಯ ಚೀಲ. ಮುಂದೆ ಬಾವುಟ ಹಿಡಿದ ಒಬ್ಬ, ಹಿಂದೆ ಒಬ್ಬರ ಹೆಗಲನ್ನು ಇನ್ನೊಬ್ಬರು ಹಿಡಿದುಕೊಂಡು ಸಾಲಾಗಿ ಹೋಗುವ ಅಜ್ಜ ಅಜ್ಜಿಯಂದಿರು. ಯಾರನ್ನೂ ತಳ್ಳುವುದಿಲ್ಲ, ಜೋರು ಮಾತಿಲ್ಲ. ಊರಿಗೆ ಬಂದ ಮೇಲೆ ನಮ್ಮ ಹಾಜಿಗಳು ಝಮ್ಝಮ್ ನೀರು, ಖರ್ಜೂರ ಹಂಚುವಾಗ ಇವರ ಸುದ್ದಿಯನ್ನೂ ಹಂಚುವುದುಂಟು. ಜಗತ್ತಿನಲ್ಲಿ ಅತಿ ಹೆಚ್ಚು ಹಜ್ಜ್ ಯಾತ್ರಿಕರನ್ನು ಕಳುಹಿಸುವ ದೇಶ ಅದು.

ನಮಗೂ ಅವರಿಗೂ ಬೇರೆ ಸಂಬಂಧವೂ ಉಂಟು. ಅವರು ಶಾಫಿಈ ಮದ್ಹಬಿನವರು, ನಾವು ಬ್ಯಾರಿಗಳೂ ಶಾಫಿಈ. ಇಲ್ಲಿ ದರ್ಸಿನಲ್ಲಿ ಕೂತು ಓದಿದ ಯಾರನ್ನು ಬೇಕಾದರೂ ಕೇಳಿ, ಫತ್ಹುಲ್ ಮುಈನ್ ಓದದೆ ಬಂದವರು ಇಲ್ಲ. ಮಲಬಾರಿನ ಝೈನುದ್ದೀನ್ ಮಖ್ದೂಮರು ಬರೆದ ಆ ಕಿತಾಬು ಜಾವಾ ದ್ವೀಪದ ಹಳ್ಳಿಗಳಲ್ಲೂ ಪಾಠ ಆಗುತ್ತದೆ. ಅಲ್ಲಿನ ವಸತಿ ಮದ್ರಸಗಳಿಗೆ ಪೆಸಂತ್ರೆನ್ ಎನ್ನುತ್ತಾರೆ. ಪೊನ್ನಾನಿಯ ಕಿತಾಬು ಹಡಗು ಹತ್ತಿ ಅಷ್ಟು ದೂರ ಹೋಗಿದೆ. ಅದೇ ರೀತಿ ಹಿಂದೂಸ್ತಾನದಿಂದ ಇನ್ನೊಂದು ಸಾಮಾನೂ ಅಲ್ಲಿಗೆ ಹೋಗಿತ್ತು: ತಬಲಾದ ಪೆಟ್ಟು. ಆ ಪೆಟ್ಟನ್ನು ಹಿಡಿದುಕೊಂಡು ದೇಶಕ್ಕೇ ದೊಡ್ಡವರಾದ ಒಬ್ಬರ ಕಥೆ ಇದು. ಹಾಡುಗಾರ, ಸಿನಿಮಾದವ, ಹಾಜಿ, ಪ್ರಚಾರಕ, ಆಮೇಲೆ ರಾಜಕಾರಣಿ. ಒಬ್ಬ ಮದ್ರಸ ಉಸ್ತಾದ್ ಹಾಡುಗಾರನ ಬಗ್ಗೆ ಯಾಕೆ ಬರೆಯುತ್ತಾನೆ ಎಂದು ಕೆಲವರು ಹುಬ್ಬು ಏರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ಬೈದರೂ ಅಡ್ಡಿಯಿಲ್ಲ.

ರೋಮಾ ಇರಾಮಾ ಹುಟ್ಟಿದ್ದು 1946ರ ಡಿಸೆಂಬರ್ 11ರಂದು, ಪಶ್ಚಿಮ ಜಾವಾದ ತಾಸಿಕ್‌ಮಲಾಯದಲ್ಲಿ. ಡಚ್ಚರು ಹೋಗಲು ಒಪ್ಪದೆ ಹೋರಾಟ ನಡೆಯುತ್ತಿದ್ದ ಕಾಲ. ತಂದೆ ಸೈನ್ಯದಲ್ಲಿದ್ದವರು. ಅವರ ಹೆಸರು ರಾದೆನ್ ಬುರ್ದಾ ಅಂಗವಿರ್ಯಾ. ಬುರ್ದಾ ಎಂದು ಕೇಳುವಾಗ ನಮಗೆಲ್ಲ ನೆನಪಾಗುವುದು ಇಮಾಂ ಬೂಸೀರಿಯವರ ಬುರ್ದಾ ಬೈತ್. ಬುರ್ದಾ ಮಜ್ಲಿಸ್ ನಡೆಯದ ಮೊಹಲ್ಲಾ ನಮ್ಮಲ್ಲಿ ಕಡಿಮೆ, ಅಲ್ವಾ. ಆ ಹೆಸರಿನ ತಂದೆ ಮಗನಿಗೆ ಇಟ್ಟ ಹೆಸರು ಇರಾಮಾ. ತನಗೆ ಇಷ್ಟವಾಗಿದ್ದ 'ಇರಾಮಾ ಬಾರು' ಎಂಬ ನಾಟಕ ತಂಡದ ನೆನಪಿಗೆ ಇಟ್ಟದ್ದಂತೆ. ಇರಾಮಾ ಅಂದರೆ ಅವರ ಭಾಷೆಯಲ್ಲಿ ಲಯ, ತಾಳ. ಮನೆಯಲ್ಲಿ 'ಓಮಾ' ಎಂದು ಕರೆಯುತ್ತಿದ್ದರು. ಹುಡುಗನಿಗೆ ಹನ್ನೊಂದು ಹನ್ನೆರಡು ವರ್ಷ ಆಗುವಷ್ಟರಲ್ಲಿ ತಂದೆ ತೀರಿಹೋದರು. ಯತೀಮ್ ಆದ ಮಗು, ತುಂಬಿದ ಮನೆ, ಜಕಾರ್ತದ ಬೀದಿ. ಶಾಲೆಗಿಂತ ಗಿಟಾರಿನ ಮೇಲೆ ಮನಸ್ಸು.

ಅವರ ಬದುಕಿನ ಒಂದು ಘಟನೆ ನನಗೆ ಬಹಳ ಕಾಡಿದ್ದು. ಹರೆಯದಲ್ಲಿ ಇವರು ಗೆಳೆಯರ ಜೊತೆ ಮನೆ ಬಿಟ್ಟು ರೈಲು ಹತ್ತಿದರು. ಹೊರಟದ್ದು ಎಲ್ಲಿಗೆ ಗೊತ್ತುಂಟಾ? ಪೂರ್ವ ಜಾವಾದ ಜೊಂಬಾಂಗಿಗೆ, ತೆಬು ಇರೆಂಗ್ ಪೆಸಂತ್ರೆನಿಗೆ, ಇಲ್ಮು ಕಲಿಯಲು. ತೆಬು ಇರೆಂಗ್ ಅಂದರೆ ಸಣ್ಣ ಮದ್ರಸ ಅಲ್ಲ. ಅದನ್ನು 1899ರಲ್ಲಿ ಕಟ್ಟಿದವರು ಹಾಶಿಂ ಅಶ್‌ಅರಿ ಎಂಬ ದೊಡ್ಡ ಆಲಿಂ, 1926ರಲ್ಲಿ ನಹ್ದತುಲ್ ಉಲಮಾ ಸಂಘಟನೆ ಸ್ಥಾಪಿಸಿದವರೂ ಅವರೇ. ಆದರೆ ಈ ಹುಡುಗರ ಹತ್ತಿರ ಟಿಕೆಟ್ ಇರಲಿಲ್ಲ. ಟಿಕೆಟ್ ನೋಡುವವನ ಕಣ್ಣು ತಪ್ಪಿಸಿ ತಪ್ಪಿಸಿ ಸಾಕಾಗಿ ನಡುವೆಯೇ ಇಳಿದರು. ಹಾಗೆ ಬಂದು ಸೇರಿದ್ದು ಸೋಲೋ ಎಂಬ ಪಟ್ಟಣಕ್ಕೆ. ಅಲ್ಲಿ ಬೀದಿಯಲ್ಲಿ ಗಿಟಾರ್ ಬಾರಿಸಿ, ಹಾಡು ಹೇಳಿ, ಜನ ಕೊಟ್ಟ ಚಿಲ್ಲರೆಯಲ್ಲಿ ಶಾಲೆಗೆ ಹೋದರು. ದರ್ಸಿಗೆ ಹೊರಟವನನ್ನು ರೈಲು ಬೀದಿ ಹಾಡುಗಾರನನ್ನಾಗಿ ಇಳಿಸಿತು. ಟಿಕೆಟಿಗೆ ದುಡ್ಡು ಇದ್ದಿದ್ದರೆ ಅವರೊಬ್ಬ ಉಸ್ತಾದ್ ಆಗುತ್ತಿದ್ದರೋ ಏನೋ, ಅಲ್ಲಾಹನೇ ಬಲ್ಲ.

ತಬಲಾದ ಸದ್ದೇ ಹೆಸರಾಯಿತು

ಅವರು ಮೊದಲು ಹಾಡಿದ್ದು ಇಂಗ್ಲಿಷ್ ಪಾಪ್, ರಾಕ್. ಡೀಪ್ ಪರ್ಪಲ್ ಎಂಬ ರಾಕ್ ತಂಡದ ಗಿಟಾರಿನ ಅಬ್ಬರ ಅವರಿಗೆ ಬಹಳ ಹಿಡಿಸಿತ್ತು. ಆದರೆ ಜಕಾರ್ತದ ಬಡವರ ಕೇರಿಗಳಲ್ಲಿ ಕೇಳುತ್ತಿದ್ದದ್ದು ಬೇರೆ. ಅಲ್ಲಿ ಮಲಯಾ ಆರ್ಕೆಸ್ಟ್ರಾ ಎನ್ನುವ ಒಂದು ಬಗೆಯ ಸಂಗೀತ ಇತ್ತು. ಅರಬಿ ರಾಗ, ಮಲಯಾ ಕವಿತೆ, ಅದರ ಮೇಲೆ 1950ರ ದಶಕದಿಂದ ಹಡಗು ತುಂಬ ಬಂದ ಹಿಂದಿ ಸಿನಿಮಾಗಳ ಪ್ರಭಾವ. ಎಲ್ಯಾ ಖದಮ್ ಎಂಬ ಹಾಡುಗಾರ್ತಿ 'ಇಂಡಿಯಾದ ಗೊಂಬೆ' ಎಂಬ ಅರ್ಥದ ಹಾಡು ಹಾಡಿ, ನಮ್ಮ ದೇಶದ ಹೆಣ್ಣುಮಕ್ಕಳ ಹಾಗೆ ಉಡುಪು ಹಾಕಿ ಹೆಸರು ಮಾಡಿದ್ದರು. ಓಮಾ ಇರಾಮಾ ಈ ಬಡವರ ಸಂಗೀತಕ್ಕೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿದರು. 1970ರಲ್ಲಿ ಸೊನೆತಾ ಎಂಬ ತಂಡ ಕಟ್ಟಿದರು.

ಓದು ಬರಹ ಬಲ್ಲ ಪೇಟೆಯವರಿಗೆ ಈ ಸಂಗೀತ ಹಿಡಿಸಲಿಲ್ಲ. ತಬಲಾದ ಜಾತಿಯ ಚರ್ಮವಾದ್ಯ 'ದಂಗ್' ಎಂದು ಬಡಿದು ಕೊನೆಗೆ 'ದುತ್' ಎಂದು ಇಳಿಯುತ್ತದಲ್ಲ, ಆ ಸದ್ದನ್ನು ಅಣಕಿಸಿ 'ದಂಗ್ದುತ್' ಎಂದು ಹೀಗಳೆದರು. ರಾಕ್ ಸಂಗೀತದವರು ನಾಯಿಯ ಹೊಲಸಿಗೆ ಹೋಲಿಸಿದ್ದೂ ಉಂಟು. ಓಮಾ ಸುಮ್ಮನೆ ಕೂರದೆ ಆ ಬೈಗುಳವನ್ನೇ ಹೆಸರಾಗಿ ಎತ್ತಿಕೊಂಡು ಹಾಡು ಮಾಡಿದರು. ಇವತ್ತು ದಂಗ್ದುತ್ ಎಂದರೆ ಇಂಡೋನೇಷ್ಯಾದ ತನ್ನತನದ ಸಂಗೀತ, ಸರಕಾರಿ ಸಮಾರಂಭದಲ್ಲೂ ಅದಕ್ಕೆ ಜಾಗ ಉಂಟು. ಬೈದವರ ಮಕ್ಕಳೂ ಮದುವೆಯಲ್ಲಿ ಅದನ್ನೇ ಹಾಕುತ್ತಾರೆ. ಬ್ಯಾರಿ ಭಾಷೆ ಮಾತಾಡಿದರೆ ಪೇಟೆಯಲ್ಲಿ ನಗುತ್ತಿದ್ದ ಒಂದು ಕಾಲ ನಮಗೂ ನೆನಪಿದೆ.

ಇಷ್ಟೇ ಆಗಿದ್ದರೆ ಈ ಪುಟದಲ್ಲಿ ಬರೆಯುವ ಅಗತ್ಯ ಇರಲಿಲ್ಲ. 1973ರಲ್ಲಿ ಅವರು ತಮ್ಮ ಸೊನೆತಾ ತಂಡವನ್ನು 'ಮುಸ್ಲಿಮರ ಧ್ವನಿ' ಎಂದು ಘೋಷಿಸಿದರು. ಕುಡಿತ, ಹೆಣ್ಣುಗಳ ಸಹವಾಸ, ರಾತ್ರಿಯಿಡೀ ಗದ್ದಲ, ಆರ್ಕೆಸ್ಟ್ರಾದವರು ಎಂದರೆ ಇಷ್ಟೇ ಎಂದು ಜನ ತಿಳಿದಿದ್ದ ಕಾಲದಲ್ಲಿ, ತಂಡದಲ್ಲಿ ಕುಡಿಯಬಾರದು, ನಮಾಝ್ ಬಿಡಬಾರದು ಎಂದು ನಿಯಮ ತಂದರು. ವೇದಿಕೆಗೆ ಬಂದು ಮೊದಲು ಸಲಾಂ ಹೇಳತೊಡಗಿದರು. ಮೊದಮೊದಲು ಸಲಾಂ ಹೇಳಿದ್ದಕ್ಕೆ ಜನ ಕೈಗೆ ಸಿಕ್ಕಿದ್ದನ್ನು ಎಸೆದದ್ದೂ ಉಂಟು ಎಂದು ಅವರೇ ನೆನಪಿಸಿಕೊಂಡಿದ್ದಾರೆ. ಹಾಡು ಕೇಳಲು ಬಂದವರಿಗೆ ವಾಝ್ ಯಾಕೆ ಎಂದು ಸಿಟ್ಟು ಇರಬೇಕು. 1975ರಲ್ಲಿ ಹಜ್ಜ್ ಮಾಡಿ ಬಂದರು. ರಾದೆನ್ ಎಂಬ ಮನೆತನದ ಬಿರುದು, ಹಾಜಿ ಎಂಬ ಹೊಸ ಬಿರುದು, ಮನೆಯವರು ಕರೆಯುವ ಓಮಾ. ಈ ಮೂರನ್ನೂ ಕೂಡಿಸಿ, ಮೊದಲೆರಡರ ತಲೆಯಕ್ಷರ ತೆಗೆದುಕೊಂಡು, 'ರೋಮಾ' ಎಂದಾದರು. ಆ ದೇಶದಲ್ಲಿ ಎಲ್ಲರೂ ಕರೆಯುವ ಹೆಸರಿನೊಳಗೇ ಹಜ್ಜ್ ಅಡಗಿ ಕೂತಿದೆ ಎಂದು ಹೇಳಬಹುದು.

ಹಾಡುಗಳ ವಿಷಯ ನೋಡಿ. ಅವರ ಅತಿ ಹೆಸರುವಾಸಿ ಹಾಡಿನ ಹೆಸರು 'ಬೆಗಾದಂಗ್', ಅಂದರೆ ರಾತ್ರಿ ನಿದ್ದೆಗೆಡುವುದು. ಕಾರಣವಿಲ್ಲದೆ ನಿದ್ದೆಗೆಟ್ಟು ಕೂರಬೇಡಿ ಎಂಬುದು ಅದರ ತಾತ್ಪರ್ಯ. ಇಶಾ ನಮಾಝಿನ ನಂತರ ಹರಟೆ ಹೊಡೆಯುತ್ತಾ ಕೂರುವುದು ಪ್ರವಾದಿಯವರಿಗೆ (ಸ.ಅ.) ಇಷ್ಟವಿರಲಿಲ್ಲ ಎಂದು ಹದೀಸಿನಲ್ಲಿ ಬಂದಿದೆ. ನಾವು ಅದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇವೆ! ಕೇಳಿದವರು ಎಷ್ಟು? ಈ ಮನುಷ್ಯ ಅದನ್ನೇ ತಬಲಾದ ಪೆಟ್ಟಿಗೆ ಕೂರಿಸಿದಾಗ ಇಡೀ ದೇಶದ ರಿಕ್ಷಾದವರು, ಮೀನು ಮಾರುವವರು ಬಾಯಿಪಾಠ ಮಾಡಿದರು. 'ಜೂದಿ' ಎಂಬ ಹಾಡು ಜೂಜಿನ ವಿರುದ್ಧ. 'ಮಿರಾಸಾಂತಿಕಾ' ಶರಾಬು ಮತ್ತು ಮಾದಕ ವಸ್ತುಗಳ ವಿರುದ್ಧ. 'ಕೆರಾಮತ್' ತಾಯಿಯ ಸ್ಥಾನದ ಬಗ್ಗೆ. ಕುರ್‌ಆನ್ ಓದುವುದನ್ನು ಬಿಟ್ಟು ಪತ್ರಿಕೆಗೇ ಅಂಟಿಕೊಂಡವರ ಬಗ್ಗೆಯೂ ಒಂದು ಹಾಡು ಉಂಟು (ಪತ್ರಿಕೆಯಲ್ಲೇ ಇದನ್ನು ಬರೆಯುವಾಗ ನನಗೂ ಸ್ವಲ್ಪ ಮುಜುಗರ). '135 ಜುತಾ', ಅಂದರೆ 13 ಕೋಟಿ 50 ಲಕ್ಷ, ಆಗಿನ ಜನಸಂಖ್ಯೆಯ ಹೆಸರಿನ ಹಾಡು. ಬೇರೆ ಬೇರೆ ಭಾಷೆ, ಬುಡಕಟ್ಟಿನವರು ಒಂದೇ ದೇಶದವರು ಎನ್ನುವುದು ಅದರ ವಿಷಯ.

ಇಲ್ಲಿ ಒಂದು ಮಾತು ಹೇಳದಿದ್ದರೆ ನಾಳೆ ಬೆಳಿಗ್ಗೆ ಮದ್ರಸದ ಬಾಗಿಲಲ್ಲೇ ಯಾರಾದರೂ ಹಿಡಿಯುತ್ತಾರೆ. ಉಸ್ತಾದ್, ಗಿಟಾರ್ ಹಲಾಲಾ? ನಾನು ಓದಿದ ಶಾಫಿಈ ಕಿತಾಬುಗಳಲ್ಲಿ ದಫ್ ಬಾರಿಸಲು ಅನುಮತಿ ಉಂಟು, ತಂತಿವಾದ್ಯಗಳಿಗೆ ಇಲ್ಲ. ಪ್ರಬಲ ಅಭಿಪ್ರಾಯ ಅದೇ. ಭಿನ್ನವಾಗಿ ಹೇಳಿದ ಆಲಿಮ್‌ಗಳೂ ಇದ್ದಾರೆ, ಇಂಡೋನೇಷ್ಯಾದಲ್ಲೂ ಈ ಚರ್ಚೆ ಮುಗಿದಿಲ್ಲ. ರೋಮಾ ಅವರ ವಾದ ಸಂಗೀತ ಒಂದು ಸಾಧನ, ಯಾವುದಕ್ಕೆ ಬಳಸುತ್ತೇವೆ ಎನ್ನುವುದು ಮುಖ್ಯ ಎಂದು. ನಾನು ಆ ವಾದವನ್ನು ಇಲ್ಲಿ ಎತ್ತಿಹಿಡಿಯುತ್ತಿಲ್ಲ. ನನ್ನ ಕುತೂಹಲ ಬೇರೆಯದರ ಮೇಲೆ. ಮಿಂಬರಿನಿಂದ ಇಳಿಯದ ನಸೀಹತ್ ಬೀದಿಯಲ್ಲಿ ಹೇಗೆ ಇಳಿಯಿತು, ಆ ನಸೀಹತ್ ಓಟಿನ ಪೆಟ್ಟಿಗೆಯ ಹತ್ತಿರ ಹೋದಾಗ ಏನಾಯಿತು ಎಂಬುದರ ಮೇಲೆ.

ಬಿಳಿ ಪರದೆ, ಹಸಿರು ಬಾವುಟ

ಕ್ಯಾಸೆಟಿನ ಬೆನ್ನಿಗೇ ಸಿನಿಮಾ ಬಂತು. 1976ರಲ್ಲಿ ಮೊದಲ ಚಿತ್ರ. ಆಮೇಲೆ 'ದಾರಾ ಮುದಾ', 'ಬೆರ್ಕೆಲಾನಾ', 'ರಾಜಾ ದಂಗ್ದುತ್' ಹೀಗೆ ವರ್ಷಕ್ಕೆ ಎರಡು ಮೂರು. ಕಥೆ ಹೆಚ್ಚು ಕಡಿಮೆ ಒಂದೇ: ಬಡ ಹಾಡುಗಾರ, ಶ್ರೀಮಂತರ ಮಗಳು, ಅಡ್ಡ ಬರುವ ದುಷ್ಟರು, ಕೊನೆಗೆ ಸತ್ಯಕ್ಕೆ ಜಯ. ಹಿಂದಿ ಸಿನಿಮಾ ನೋಡಿದವರಿಗೆ ಹೊಸತೇನಿಲ್ಲ. ಮುಖ್ಯ ಪಾತ್ರವೂ ಅವರೇ, ಹಾಡುಗಳೂ ಅವರದೇ. 1980ರ 'ಪೆರ್ಜುವಾಂಗಾನ್ ದಾನ್ ದೋಆ', ಅಂದರೆ 'ಹೋರಾಟ ಮತ್ತು ದುಆ', ಹಾಡುತ್ತಾ ಊರೂರು ತಿರುಗಿ ದೀನಿನ ಮಾತು ಹೇಳುವ ತಂಡದ ಚಿತ್ರ. ಆಗ ಹಳ್ಳಿಗಳಲ್ಲಿ ಬಯಲಿನಲ್ಲಿ ಎರಡು ಕಂಬ ನೆಟ್ಟು ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಚಾಪೆ ಹಾಸಿಕೊಂಡು ಮನೆಯವರೆಲ್ಲ ಕೂತು ನೋಡುವುದು. ನಮ್ಮಲ್ಲಿ ಬಯಲಾಟಕ್ಕೆ ಜನ ಸೇರುವ ಹಾಗೆ.

ಅವರ ಚಿತ್ರಗಳಲ್ಲಿ ನನಗೆ ಆಸಕ್ತಿ ಹುಟ್ಟಿಸಿದ್ದು 1991ರ 'ನಾದಾ ದಾನ್ ದಕ್ವಾ'. ಹೆಸರಿನ ಅರ್ಥ 'ನಾದ ಮತ್ತು ದಅ್‌ವಾ'. ಅದರಲ್ಲಿ ರೋಮಾ ಜೊತೆ ನಟಿಸಿದವರು ಝೈನುದ್ದೀನ್ ಎಂ.ಝೆಡ್. ಇವರು ನಟರಲ್ಲ, ಲಕ್ಷಾಂತರ ಜನ ಸೇರುತ್ತಿದ್ದ ದೊಡ್ಡ ವಾಝ್‌ಗಾರರು. ಹಳ್ಳಿಯವರ ಭೂಮಿಯನ್ನು ಒಬ್ಬ ಧನಿಕ ಕೈಗಾರಿಕೆಗಾಗಿ ಕೊಂಡುಕೊಳ್ಳಲು ಬರುತ್ತಾನೆ, ಜನ ದುಡ್ಡಿನ ಆಸೆ ಮತ್ತು ಮಣ್ಣಿನ ನಡುವೆ ಸಿಕ್ಕಿಬೀಳುತ್ತಾರೆ. ಒಬ್ಬರು ಹಾಡಿನಿಂದ, ಒಬ್ಬರು ಪ್ರವಚನದಿಂದ ಅವರ ಜೊತೆ ನಿಲ್ಲುತ್ತಾರೆ. ಕೈಗಾರಿಕೆಗೆ ಜಮೀನು ಹೋದ ಮೇಲೆ ಮಸೀದಿ ಮಾತ್ರ ಉಳಿದ ಊರುಗಳು ನಮ್ಮ ಕರಾವಳಿಯಲ್ಲೂ ಇವೆ. ನೋಡಿದವರಿಗೆ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ರಾಜಕೀಯಕ್ಕೆ ಬರೋಣ. ಸುಹಾರ್ತೋ ಎಂಬ ಸೈನ್ಯಾಧಿಕಾರಿ ಆಳುತ್ತಿದ್ದ ಕಾಲ. ಮುಸ್ಲಿಂ ಪಕ್ಷಗಳು ನಾಲ್ಕಿದ್ದವು, ಸರಕಾರ 1973ರಲ್ಲಿ ಅವನ್ನೆಲ್ಲ ಒತ್ತಾಯದಿಂದ ಸೇರಿಸಿ ಪಿಪಿಪಿ ಎಂಬ ಒಂದೇ ಪಕ್ಷ ಮಾಡಿತು. ಅದರ ಚಿಹ್ನೆ ಕಅ್‌ಬಾ. ಎದುರಿಗೆ ಸರಕಾರದ ಗೋಲ್ಕರ್, ಚಿಹ್ನೆ ಆಲದ ಮರ. ಚುನಾವಣೆ ನಡೆಯುತ್ತಿತ್ತು, ಆದರೆ ಯಾರು ಗೆಲ್ಲಬೇಕು ಎಂಬುದು ಮೊದಲೇ ಗೊತ್ತಿರುತ್ತಿತ್ತು. 1977ರ ಚುನಾವಣೆಯಲ್ಲಿ ರೋಮಾ ಪಿಪಿಪಿಯ ಪರವಾಗಿ ವೇದಿಕೆ ಹತ್ತಿದರು. ಅದೇ ಕಾಲದ ಅವರ ಹಾಡು 'ಹಕ್ ಅಸಾಸಿ'. ಹಕ್, ಅಸಾಸ್ ಎರಡೂ ನಮಗೆ ಗೊತ್ತಿರುವ ಅರಬಿ ಶಬ್ದ. ಮಾನವ ಹಕ್ಕು ಎಂದು ಅರ್ಥ. ಅಂಥ ಸರಕಾರದ ಎದುರು ಅಂಥ ಹೆಸರಿನ ಹಾಡು ಹಾಡಲು ಎದೆ ಬೇಕು ಮಾರಾಯ್ರೇ. ದೇಶದಲ್ಲಿ ಗೋಲ್ಕರ್ ಗೆದ್ದಿತು, ಆದರೆ ರಾಜಧಾನಿ ಜಕಾರ್ತದಲ್ಲಿ ಪಿಪಿಪಿ ಮುಂದೆ ಬಂತು. ಸರಕಾರಕ್ಕೆ ಅದು ಮುಖಕ್ಕೆ ಹೊಡೆದಂತೆ ಆಯಿತು.

ಶಿಕ್ಷೆ ಬರಲು ತಡವಾಗಲಿಲ್ಲ. ಸರಕಾರಿ ಟಿವಿಯಲ್ಲಿ ರೋಮಾ ಇರಾಮಾ ಕಾಣಿಸುವುದು ನಿಂತಿತು. ಒಂದು ವರ್ಷ ಎರಡು ವರ್ಷ ಅಲ್ಲ, ಸುಮಾರು 11 ವರ್ಷ. ಆ ದೇಶದಲ್ಲಿ ಖಾಸಗಿ ಚಾನೆಲ್ ಶುರುವಾದದ್ದೇ 1989ರಲ್ಲಿ. ಅಂದರೆ ಇದ್ದ ಒಂದೇ ಟಿವಿಯ ಬಾಗಿಲು ಮುಚ್ಚಿತು. 1982ರಲ್ಲಿ ಅವರು ಮತ್ತೆ ಅದೇ ಕಅ್‌ಬಾ ಚಿಹ್ನೆಯ ಪರವಾಗಿ ಪ್ರಚಾರಕ್ಕೆ ಹೋದರು. ಬಾಗಿಲು ಮುಚ್ಚಿದ ಆ 11 ವರ್ಷಗಳಲ್ಲೇ ಅವರ ಕ್ಯಾಸೆಟ್ ಅತಿ ಹೆಚ್ಚು ಮನೆಗಳಿಗೆ ಹೋದದ್ದು, ಬಿಳಿ ಪರದೆಯ ಮುಂದೆ ಅತಿ ಹೆಚ್ಚು ಚಾಪೆ ಹಾಸಿದ್ದು. ಟಿವಿಯಲ್ಲಿ ಇಲ್ಲದವನನ್ನು ಜನ ಹುಡುಕಿಕೊಂಡು ಬಂದರು. ಸರಕಾರ ಹೆದರಿದ ಹಾಡುಗಾರ ಎಂದ ಮೇಲೆ ಅವನ ಮಾತಿಗೆ ತೂಕ ಬರುವುದು ಸಹಜ. 'ದಂಗ್ದುತ್ ರಾಜ' ಎಂಬ ಹೆಸರು ಗಟ್ಟಿಯಾದದ್ದು ಆಗ.

ಆಮೇಲಿನ ಭಾಗ ಬರೆಯಲು ನನಗೆ ಅಷ್ಟು ಖುಷಿಯಿಲ್ಲ. 1990ರ ದಶಕದಲ್ಲಿ ಸುಹಾರ್ತೋ ಮುಸ್ಲಿಮರ ಕಡೆ ವಾಲಿದ ಹಾಗೆ ಕಾಣಿಸಿತು. 1990ರಲ್ಲಿ ಮುಸ್ಲಿಂ ಬುದ್ಧಿಜೀವಿಗಳ ಸಂಘಕ್ಕೆ ಬೆಂಬಲ ಕೊಟ್ಟರು, 1991ರಲ್ಲಿ ಸ್ವತಃ ಹಜ್ಜ್ ಮಾಡಿ ಬಂದರು. ರೋಮಾ ಇರಾಮಾ ಕೂಡ ಸರಕಾರದ ಕಡೆ ಬಂದರು. ಕಲಾವಿದರ ಪ್ರತಿನಿಧಿಯಾಗಿ ಸದನದಲ್ಲಿ ಕೂತರು. 1997ರ ಚುನಾವಣೆಯಲ್ಲಿ ಗೋಲ್ಕರ್ ವೇದಿಕೆಯಲ್ಲಿ, ಆಲದ ಮರದ ಕೆಳಗೆ ನಿಂತು ಹಾಡಿದರು. ಇಪ್ಪತ್ತು ವರ್ಷ ಹಿಂದೆ ಕಅ್‌ಬಾ ಚಿಹ್ನೆಯ ಬಾವುಟ ಹಿಡಿದು ಅವರ ಹಿಂದೆ ಓಡಿದವರಿಗೆ ಹೇಗಾಗಿರಬೇಡ! ಸರಕಾರ ಈಗ ಇಸ್ಲಾಮಿನ ಹತ್ತಿರ ಬಂದಿದೆ, ಒಳಗಿದ್ದು ಒಳಿತು ಮಾಡಬಹುದು ಎಂಬ ಲೆಕ್ಕ ಆಗ ಬಹಳ ಜನರಲ್ಲಿತ್ತು. ಪ್ರಾಮಾಣಿಕ ಲೆಕ್ಕವೇ ಇರಬಹುದು. ಆದರೆ ಒಂದೇ ವರ್ಷ. 1998ರ ಮೇ 21ರಂದು ವಿದ್ಯಾರ್ಥಿಗಳ ಹೋರಾಟದ ನಡುವೆ ಸುಹಾರ್ತೋ ಕುರ್ಚಿ ಬಿಟ್ಟರು. ಹನ್ನೊಂದು ವರ್ಷ ಸಹಿಸಿದವರು ಇನ್ನೊಂದು ವರ್ಷ ದೂರ ನಿಂತಿದ್ದರೆ, ಆ ದಿನ ರಸ್ತೆಗಿಳಿದ ಮಕ್ಕಳ ಬಾಯಲ್ಲಿ 'ಹಕ್ ಅಸಾಸಿ' ಇರುತ್ತಿತ್ತು ಎಂದು ನನಗೆ ಅನಿಸುತ್ತದೆ.

ಕೇಳುಗರು ಬೇರೆ, ಓಟಿನವರು ಬೇರೆ

2003ರಲ್ಲಿ ಇನ್ನೊಂದು ಗಲಾಟೆ. ಪೂರ್ವ ಜಾವಾದ ಬಡ ಮನೆಯಿಂದ ಬಂದ ಇನುಲ್ ದರತಿಸ್ತಾ ಎಂಬ ಯುವತಿ ದಂಗ್ದುತ್ ಹಾಡುತ್ತಾ ಸೊಂಟ ತಿರುಗಿಸುವ ಕುಣಿತದಿಂದ ರಾತೋರಾತ್ರಿ ಹೆಸರಾದಳು. ರೋಮಾ ಆಗ ಮಲಯಾ ಸಂಗೀತ ಕಲಾವಿದರ ಸಂಘದ ಅಧ್ಯಕ್ಷರು. ಇದು ದಂಗ್ದುತ್‌ಗೆ ಅವಮಾನ, ಯುವಕರನ್ನು ಕೆಡಿಸುತ್ತದೆ ಎಂದು ಬಹಿರಂಗವಾಗಿ ಖಂಡಿಸಿದರು, ತನ್ನ ಹಾಡುಗಳನ್ನು ಆಕೆ ಹಾಡಬಾರದು ಎಂದರು. ಹುಡುಗಿ ಅತ್ತಳು. ದೇಶ ಎರಡು ಪಾಲಾಯಿತು. ಆಕೆಯ ಪರವಾಗಿ ಮಾತಾಡಿದವರಲ್ಲಿ ಮಾಜಿ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಇದ್ದರು. ಇವರು ಸಾಮಾನ್ಯದವರಲ್ಲ, ತೆಬು ಇರೆಂಗ್ ಕಟ್ಟಿದ ಹಾಶಿಂ ಅಶ್‌ಅರಿಯವರ ಮೊಮ್ಮಗ.

ಹಯಾ ಇಲ್ಲದ ಕುಣಿತದ ಬಗ್ಗೆ ರೋಮಾ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅದು ತಪ್ಪೆಂದು ಹೇಳುವುದರಲ್ಲಿ ನನಗೆ ತಕರಾರಿಲ್ಲ. ಆದರೆ ನಸೀಹತಿಗೆ ಒಂದು ಅದಬ್ ಉಂಟು. ನಾಲ್ಕು ಗೋಡೆಯ ಒಳಗೆ ಹೇಳಿದರೆ ನಸೀಹತ್, ನಾಲ್ಕು ಜನರ ಎದುರು ಹೇಳಿದರೆ ಮಾನ ಕಳೆಯುವುದು. ನಮ್ಮ ಇಮಾಮರುಗಳು ಕಲಿಸಿದ್ದೇ ಹೀಗೆ. ಹಳ್ಳಿಯ ಹೆಣ್ಣುಮಗಳನ್ನು ಕರೆದು ತಂದೆಯ ಸ್ಥಾನದಲ್ಲಿ ಕೂರಿಸಿ ಹೇಳಬಹುದಿತ್ತು. ಬೀದಿಯಲ್ಲಿ ಹಾಡಿ ಹಸಿವು ನೀಗಿಸಿಕೊಂಡವರಿಗೆ ಆ ಹಸಿವು ಗೊತ್ತಿಲ್ಲವೇ? ಅದೇ ಸಮಯಕ್ಕೆ ರೋಮಾ ಅವರ ಖಾಸಗಿ ಬದುಕನ್ನೂ ಪತ್ರಿಕೆಗಳು ಕೆದಕಿದವು. ಅದನ್ನು ಇಲ್ಲಿ ಬರೆದು ಗೀಬತ್ತಿನಲ್ಲಿ ಪಾಲು ತೆಗೆದುಕೊಳ್ಳುವ ಮನಸ್ಸು ನನಗಿಲ್ಲ. ಇತರರ ತಪ್ಪನ್ನು ಮೈಕಿನಲ್ಲಿ ಹೇಳುವವರ ಮನೆಗೂ ಮೈಕು ಬರುತ್ತದೆ, ಅಷ್ಟೇ.

2012ರಲ್ಲಿ ಜಕಾರ್ತದ ಗವರ್ನರ್ ಚುನಾವಣೆ. ರಮಳಾನಿನಲ್ಲಿ ಒಂದು ಮಸೀದಿಯಲ್ಲಿ ಮಾತನಾಡುತ್ತಾ ಮುಸ್ಲಿಂ ನಾಯಕನನ್ನೇ ಆರಿಸಬೇಕು ಎಂಬರ್ಥದಲ್ಲಿ ಹೇಳಿದರು. ಚುನಾವಣಾ ಮೇಲ್ವಿಚಾರಕರು ಕರೆಸಿ ವಿಚಾರಣೆ ಮಾಡಿದರು. ನಿಯಮ ಉಲ್ಲಂಘನೆ ಆಗಿಲ್ಲ ಎಂದು ಬಿಟ್ಟರು. ಆದರೆ 135 ಜುತಾ ಹಾಡಿ ಎಲ್ಲ ಬುಡಕಟ್ಟುಗಳನ್ನು ಒಟ್ಟು ಮಾಡಿದ ಕಂಠ ಅದೇ ಅಲ್ಲವೇ ಎಂದು ಕೇಳಿದವರು ಹಲವರು. ಅಲ್ಪಸಂಖ್ಯಾತರಾಗಿ ಬದುಕುವ ನಾವು ಆ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ.

ಅದರ ಬೆನ್ನಿಗೇ ದೊಡ್ಡ ಆಸೆ. ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದರು. ಬೆನ್ನು ತಟ್ಟಿದ ಪಕ್ಷ ಪಿಕೆಬಿ. ಇದು 1998ರಲ್ಲಿ ಅದೇ ಅಬ್ದುರ್ರಹ್ಮಾನ್ ವಾಹಿದ್ ಕಟ್ಟಿದ ಪಕ್ಷ, ನಹ್ದತುಲ್ ಉಲಮಾದ ಜನರ ಪಕ್ಷ. ತೆಬು ಇರೆಂಗಿಗೆ ಹೊರಟು ಟಿಕೆಟಿಲ್ಲದೆ ಇಳಿದ ಹುಡುಗನಿಗೆ ಆ ಮನೆತನದ ಪಕ್ಷವೇ ಈಗ ಟಿಕೆಟ್ ಕೊಡುತ್ತೇನೆ ಎಂದಿತು. ರೋಮಾ ಊರೂರು ಸುತ್ತಿದರು, ಹಾಡಿದರು. 2014ರ ಸಂಸತ್ ಚುನಾವಣೆಯಲ್ಲಿ ಪಿಕೆಬಿಯ ಮತ 2009ರ ಶೇ. 4.94ರಿಂದ ಶೇ. 9.04ಕ್ಕೆ ಏರಿತು. ಹೆಚ್ಚು ಕಡಿಮೆ ಎರಡು ಪಾಲು! ಅದರಲ್ಲಿ ರೋಮಾ ಅವರ ಪಾಲೂ ಇದೆ ಎಂದು ಪಕ್ಷದವರೇ ಒಪ್ಪಿದರು. ಆದರೆ ಲೆಕ್ಕ ಮುಗಿದ ಮೇಲೆ ಪಕ್ಷ ಜೋಕೋ ವಿಡೋಡೋ ಅವರ ಬೆಂಬಲಕ್ಕೆ ಹೋಯಿತು. ರೋಮಾ ಅವರ ಹೆಸರೇ ಇಲ್ಲ. ಸಿಟ್ಟಿನಿಂದ ಎದುರಾಳಿ ಪ್ರಬೋವೋ ಅವರ ಕಡೆ ಹೋದರು. ಆ ಸಲ ಪ್ರಬೋವೋ ಸೋತರು.

ಕೊನೆಗೆ 2015ರಲ್ಲಿ ತಮ್ಮದೇ ಪಕ್ಷ ಕಟ್ಟಿದರು. ಹೆಸರು 'ಇದಾಮಾನ್'. ಇಸ್ಲಾಂ, ದಮಾಯ್, ಅಮಾನ್ ಎಂಬ ಮೂರು ಶಬ್ದ ಕೂಡಿಸಿದ್ದು: ಇಸ್ಲಾಂ, ಶಾಂತಿ, ಸುರಕ್ಷೆ. ಒಟ್ಟಾಗಿ ಓದಿದರೆ 'ಬಯಸಿದ್ದು' ಎಂಬ ಅರ್ಥವೂ ಬರುತ್ತದೆ. ಹೆಸರು ಚಂದ. ಆದರೆ ಆ ದೇಶದಲ್ಲಿ ಪಕ್ಷ ಚುನಾವಣೆಗೆ ನಿಲ್ಲಬೇಕಾದರೆ ಎಲ್ಲ ಪ್ರಾಂತಗಳಲ್ಲಿ ಕಚೇರಿ, ಪದಾಧಿಕಾರಿಗಳು, ಸದಸ್ಯರ ಪಟ್ಟಿ ಎಲ್ಲ ತೋರಿಸಬೇಕು. ಆಯೋಗ ಪರಿಶೀಲನೆ ಮಾಡುತ್ತದೆ. ಹಾಡು ಬಾಯಿಪಾಠ ಇರುವವರು ಕೋಟಿ ಕೋಟಿ ಇದ್ದರು, ಕಚೇರಿ ತೆರೆದು ಕೂರುವವರು ಬೇಕಾದಷ್ಟು ಸಿಗಲಿಲ್ಲ. 2019ರ ಚುನಾವಣೆಗೆ ಅರ್ಹತೆ ಸಿಗಲಿಲ್ಲ, ನ್ಯಾಯಾಲಯಕ್ಕೆ ಹೋದರು, ಅಲ್ಲಿಯೂ ಆಗಲಿಲ್ಲ. 2018ರಲ್ಲಿ ಪಾನ್ ಎಂಬ ಇನ್ನೊಂದು ಪಕ್ಷದ ಜೊತೆ ಸೇರಿಕೊಂಡರು. ಜಮಾಅತ್ ಕಮಿಟಿಯ ಚುನಾವಣೆ ನೋಡಿದವರಿಗೆ ಇದು ಗೊತ್ತಿರುವ ವಿಷಯ. ವಾಝಿಗೆ ಸಾವಿರ ಜನ, ಮರುದಿನ ಕುರ್ಚಿ ಎತ್ತಿಡಲು ನಾಲ್ಕು ಜನ.

ಆದರೆ ಆ ವರ್ಷಗಳಲ್ಲಿ ಅವರಿಗೆ ಬಿದ್ದ ದೊಡ್ಡ ಪೆಟ್ಟು ಪಕ್ಷದ್ದಲ್ಲ. ಮಗ ರಿಧೋ ರೋಮಾ ಕೂಡ ಹಾಡುಗಾರ. ತಂದೆ ಮಗ ಸೇರಿ 2010ರಲ್ಲಿ 'ದವಾಯ್ 2 ಅಸ್ಮಾರಾ', 2011ರಲ್ಲಿ 'ಸಜಾದಾ ಕಅ್‌ಬಾ' ಎಂಬ ಚಿತ್ರಗಳಲ್ಲಿ ನಟಿಸಿದ್ದರು. 2017ರ ಮಾರ್ಚಿನಲ್ಲಿ ಪೊಲೀಸರು ಆ ಮಗನನ್ನು ಮಾದಕ ವಸ್ತುವಿನ ಪ್ರಕರಣದಲ್ಲಿ ಬಂಧಿಸಿದರು. ಶಿಕ್ಷೆ, ಚಿಕಿತ್ಸೆ, ಜೈಲು ಎಲ್ಲ ಆಯಿತು. 2021ರಲ್ಲಿ ಮತ್ತೊಮ್ಮೆ ಬಂಧನ. 'ಮಿರಾಸಾಂತಿಕಾ' ಹಾಡಿ ಒಂದು ದೇಶದ ಯುವಕರಿಗೆ ಅಮಲಿನ ವಿರುದ್ಧ ಎಚ್ಚರಿಕೆ ಹೇಳಿದ ತಂದೆ ಪತ್ರಕರ್ತರ ಮುಂದೆ ಕೂತು ತನ್ನ ಮಗನ ಬಗ್ಗೆ ಮಾತನಾಡಬೇಕಾಯಿತು. ಇದನ್ನು ಕೇಳಿ ನಕ್ಕವರು ಅಲ್ಲಿಯೂ ಇದ್ದರು. ನನಗೆ ನಗು ಬರುವುದಿಲ್ಲ.

ಯಾಕೆಂದರೆ ನಾವೂ ಈಗ ಪ್ರತಿ ಮೊಹಲ್ಲಾದಲ್ಲಿ ಅಮಲಿನ ವಿರುದ್ಧ ಸಭೆ ಮಾಡುತ್ತಿದ್ದೇವೆ. ಜುಮಾ ಖುತ್ಬಾದ ಮೊದಲು ಹೇಳುತ್ತೇವೆ, ಮೆರವಣಿಗೆ ಮಾಡುತ್ತೇವೆ, ಬ್ಯಾನರ್ ಕಟ್ಟುತ್ತೇವೆ. ಸಭೆಯ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುವ ಬಾಪ ರಾತ್ರಿ ಹನ್ನೊಂದು ಗಂಟೆಗೆ ಮಗ ಎಲ್ಲಿದ್ದಾನೆ ಎಂದು ಗೊತ್ತಿಲ್ಲದೆ ಉಮ್ಮನ ಹತ್ತಿರ ಕೇಳುತ್ತಾರೆ. ಉಮ್ಮನಿಗೆ ಗೊತ್ತಿದ್ದರೂ ಹೇಳುವುದಿಲ್ಲ. ಉಸ್ತಾದರ ಮಕ್ಕಳೇ ಇದಕ್ಕೆ ಹೊರತು ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಂತೂ ಇಲ್ಲ. ಒಬ್ಬ ತಾಯಿ ಒಮ್ಮೆ ಮದ್ರಸದ ಜಗಲಿಯಲ್ಲಿ ನಿಂತು, ಉಸ್ತಾದ್, ನೀವು ಹೇಳುವಾಗ ಅವನು ಎಲ್ಲರಿಗಿಂತ ಚಂದ ಕೇಳುತ್ತಿದ್ದ ಎಂದು ಹೇಳಿ ಸುಮ್ಮನಾದರು. ಅದಕ್ಕೆ ನಾನು ಏನೂ ಹೇಳಲಿಲ್ಲ.

ರೋಮಾ ಇರಾಮಾ ಅವರಿಗೆ ಈಗ ಎಂಬತ್ತರ ಹತ್ತಿರದ ಪ್ರಾಯ. ಹಾಡುವುದು ಬಿಟ್ಟಿಲ್ಲ. 2020ರ ಜೂನ್ ಕೊನೆಗೆ, ಕೊರೊನಾ ಕಾಲದಲ್ಲಿ, ಬೊಗೋರ್ ಜಿಲ್ಲೆಯ ಪಾಮಿಜಾಹಾನ್ ಎಂಬಲ್ಲಿ ಒಂದು ಸುನ್ನತ್ ಕಾರ್ಯಕ್ರಮಕ್ಕೆ ಹೋಗಿದ್ದರು. ಅತಿಥಿಯಾಗಿ ಬಂದೆ, ಎರಡು ಮಾತು ಹೇಳಿ ಎಂದರು, ಆಮೇಲೆ ಹಾಡಿ ಎಂದರು ಎನ್ನುವುದು ಅವರ ಹೇಳಿಕೆ. ಹಾಡಿದರು. ಸುದ್ದಿ ತಿಳಿದ ಊರವರೆಲ್ಲ ಮಾಸ್ಕು, ಅಂತರ ಒಂದೂ ನೋಡದೆ ಬಂದು ಮುತ್ತಿದರು. ಜಿಲ್ಲಾಡಳಿತ ಸಿಟ್ಟಾಯಿತು, ಟಿವಿಯಲ್ಲಿ ದೊಡ್ಡ ಚರ್ಚೆ ನಡೆಯಿತು. ಗುಂಪು ಸೇರಿಸಿದ್ದು ತಪ್ಪೇ, ಅನುಮಾನವಿಲ್ಲ. ಆದರೆ ಆ ದಿನ ಅಲ್ಲಿ ಬಂದವರ ಹತ್ತಿರ ಯಾರೂ ಸದಸ್ಯತ್ವದ ಚೀಟಿ ಕೇಳಲಿಲ್ಲ, ಓಟು ಕೇಳಲಿಲ್ಲ. ಸುನ್ನತ್ ಮನೆಯ ಚಪ್ಪರದ ಕೆಳಗೆ ಒಬ್ಬ ಮುದುಕ ಹಾಜಿ ಸಲಾಂ ಹೇಳಿ ಗಿಟಾರ್ ಎತ್ತಿಕೊಂಡಿದ್ದರು, ಅಷ್ಟೇ.